ಹಣ ಮತ್ತು ಕಾಣಿಕೆಯ ಬಗ್ಗೆ ಪ್ರಸಂಗ: ಸಿದ್ಧತೆಯಿಂದ ಲೆಕ್ಕ ಒಪ್ಪಿಸುವವರೆಗೆ

ಸುಗ್ಗಿ ಹಬ್ಬ ಹತ್ತಿರವಾದಾಗ ಮತ್ತು ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಹೊತ್ತಿನಲ್ಲಿ, ಹೊಸದಾಗಿ ಸೇವೆಗೆ ಬಂದ ಸಭಾಪಾಲಕರಿಂದಲೂ ಭಾನುವಾರದ ಪ್ರಸಂಗದ ಸರದಿ ಪಡೆದ ಸಭಾ ಹಿರಿಯರಿಂದಲೂ ಒಂದೇ ಪ್ರಶ್ನೆ ಬರುತ್ತದೆ: “ಕಾಣಿಕೆಯ ಬಗ್ಗೆ ಮಾತನಾಡಿ ಎಂದು ಸಮಿತಿಯವರು ಹೇಳಿದ್ದಾರೆ, ಹೇಗೆ ಹೇಳಲಿ?” ಈ ಮುಜುಗರಕ್ಕೆ ಕಾರಣವಿದೆ. ಪೀಠದಲ್ಲಿ ನಿಂತವರ ಸಂಬಳವೂ ಅದೇ ಕಾಣಿಕೆಯಿಂದ ಬರುತ್ತದೆ ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹಾಗಾಗಿ ಕೆಲವರು ವರ್ಷಗಟ್ಟಲೆ ಆ ವಿಷಯವನ್ನೇ ಎತ್ತುವುದಿಲ್ಲ. ಎತ್ತಿದವರಲ್ಲಿ ಹಲವರು ಗದರಿಕೆಯ ದನಿಗೆ ಜಾರುತ್ತಾರೆ.

ಈ ಮಾರ್ಗದರ್ಶಿಯನ್ನು ಮುಖ್ಯವಾಗಿ ಸಿಎಸ್‌ಐ ಎಂದೇ ಪರಿಚಿತವಾದ ದಕ್ಷಿಣ ಭಾರತ ಸಭೆ ಹಾಗೂ ಮೆಥಡಿಸ್ಟ್ ಸಭೆಗಳ ಕನ್ನಡ ಆರಾಧನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಸ್ವತಂತ್ರ ಸಭೆಗಳವರು ಆಡಳಿತದ ಮಾತುಗಳನ್ನು ತಮ್ಮ ವ್ಯವಸ್ಥೆಗೆ ಹೊಂದಿಸಿಕೊಳ್ಳಬಹುದು. ಬೇಕಾಗುವುದು ಹೆಚ್ಚೇನಿಲ್ಲ: ಕಳೆದ ವರ್ಷದ ಆಡಿಟ್ ಆದ ಲೆಕ್ಕ, ಈ ವರ್ಷದ ಆಯವ್ಯಯ ಪಟ್ಟಿ, ಖಜಾಂಚಿಯವರ ಒಂದು ಸಂಜೆ, ಮತ್ತು ತಯಾರಿಗೆ ಕನಿಷ್ಠ ಮೂರು ವಾರ. ಶನಿವಾರ ರಾತ್ರಿ ಕುಳಿತು ಬರೆಯುವ ಪ್ರಸಂಗಗಳಲ್ಲಿ ಇದನ್ನು ಸೇರಿಸಬೇಡಿ.

1. ಪ್ರಸಂಗವೋ ಮನವಿಯೋ, ಮೊದಲು ತೀರ್ಮಾನಿಸಿ

ಇವೆರಡೂ ಬೇರೆ ಬೇರೆ ಕೆಲಸಗಳು. ಪ್ರಸಂಗವು ದೇವರ ವಾಕ್ಯದ ಬೆಳಕಿನಲ್ಲಿ ಹಣವನ್ನು ಹೇಗೆ ಗಳಿಸುತ್ತೇವೆ, ಹೇಗೆ ಖರ್ಚು ಮಾಡುತ್ತೇವೆ, ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಂಡಿದ್ದೇವೆ ಎಂಬುದನ್ನೆಲ್ಲ ಕೇಳುತ್ತದೆ. ಮನವಿಯಾದರೋ, ದೇವಾಲಯದ ಛಾವಣಿ ಸೋರುತ್ತಿದೆ, ಇಷ್ಟು ಹಣ ಬೇಕು, ಇಷ್ಟು ಕೂಡಿದೆ, ಇನ್ನು ಇಷ್ಟು ಬೇಕು ಎಂದು ಹೇಳುತ್ತದೆ. ಮನವಿಗೆ ಐದು ನಿಮಿಷ ಸಾಕು. ಅದನ್ನು ಪ್ರಕಟಣೆಗಳ ಹೊತ್ತಿನಲ್ಲಿ ಕಾರ್ಯದರ್ಶಿ ಅಥವಾ ಖಜಾಂಚಿ ಮಾಡುವುದೇ ಮೇಲು.

ಕಷ್ಟ ಬರುವುದು ಛಾವಣಿಯ ಮನವಿಗೆ ಪ್ರಸಂಗದ ಉಡುಪು ತೊಡಿಸಿದಾಗ. ಮೂವತ್ತು ನಿಮಿಷ ಅಬ್ರಹಾಮನ ನಂಬಿಕೆಯನ್ನು ಕೇಳಿದ ಜನರಿಗೆ ಮೂವತ್ತೊಂದನೆಯ ನಿಮಿಷದಲ್ಲಿ ಶೀಟಿನ ಬೆಲೆ ಕೇಳಿಬಂದರೆ, ಅಷ್ಟು ಹೊತ್ತು ಕೇಳಿದ್ದೆಲ್ಲ ಪೀಠಿಕೆಯಾಗಿತ್ತು ಎಂದು ಅವರಿಗೆ ಅನಿಸುತ್ತದೆ, ಮತ್ತು ಆ ಅನಿಸಿಕೆ ಮುಂದಿನ ವರ್ಷದ ಪ್ರಸಂಗದವರೆಗೂ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ನಿಯಮ ಇದೊಂದೇ: ವರ್ಷದಲ್ಲಿ ಒಮ್ಮೆಯಾದರೂ ಏನನ್ನೂ ಕೇಳದೆ ಹಣದ ಬಗ್ಗೆ ಪ್ರಸಂಗ ಮಾಡಿ. ಆಮೇಲೆ ಕೇಳಬೇಕಾದಾಗ ಸುತ್ತಿಬಳಸದೆ ಕೇಳಬಹುದು.

2. ಲೆಕ್ಕ ನೋಡಿ, ಹೆಸರು ನೋಡಬೇಡಿ

ಖಜಾಂಚಿಯವರೊಂದಿಗೆ ಕುಳಿತು ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಸಾಲು ಸಾಲಾಗಿ ತಿಳಿದುಕೊಳ್ಳಿ. ಸಿಎಸ್‌ಐ ಸಭೆಗಳಲ್ಲಿ ಡಯಾಸಿಸ್‌ಗೆ, ಅಂದರೆ ಬಿಷಪರ ಆಡಳಿತದ ಪ್ರಾಂತಕ್ಕೆ, ಪ್ರತಿ ಸಭೆಯೂ ಸಲ್ಲಿಸಬೇಕಾದ ಪಾಲೊಂದಿರುತ್ತದೆ; ಅಸೆಸ್‌ಮೆಂಟ್ ಎನ್ನುವುದು ಇದನ್ನೇ. ಬಹುತೇಕ ಸದಸ್ಯರಿಗೆ ಇದು ತಿಳಿದಿರುವುದಿಲ್ಲ. ಕರೆಂಟ್ ಬಿಲ್ಲು, ಸೆಕ್ಸ್‌ಟನ್ ಎಂದು ಕರೆಯುವ ದೇವಾಲಯದ ಕಾವಲು-ಶುಚಿಯ ಕೆಲಸಗಾರನ ಸಂಬಳ, ಬಡವರ ನಿಧಿ, ಎಲ್ಲವೂ ನಿಮಗೆ ಬಾಯಿಪಾಠವಾಗಿರಲಿ.

ಒಂದು ಎಚ್ಚರಿಕೆ. ಯಾರು ಎಷ್ಟು ಕೊಡುತ್ತಾರೆ ಎಂಬ ಪುಸ್ತಕವನ್ನು ಪ್ರಸಂಗ ಮಾಡುವವರು ತೆರೆಯದಿರುವುದು ಒಳ್ಳೆಯದು. ತೆರೆದರೆ, “ಕೆಲವರು ಕಾರಿನಲ್ಲಿ ಬರುತ್ತಾರೆ, ಕವರಿನಲ್ಲಿ ಹತ್ತು ರೂಪಾಯಿ ಇಡುತ್ತಾರೆ” ಎಂಬಂಥ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ, ಮತ್ತು ಆ ‘ಕೆಲವರು’ ಯಾರೆಂದು ಸಭೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ.

3. ಎದುರಿಗೆ ಕುಳಿತಿರುವವರು ಯಾರು ಎಂದು ಬರೆದುಕೊಳ್ಳಿ

ಒಂದೇ ಸಾಲಿನ ಬೆಂಚಿನಲ್ಲಿ ಪಿಂಚಣಿ ಪಡೆಯುವ ನಿವೃತ್ತ ಶಿಕ್ಷಕಿ, ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹುಡುಗಿ, ಸ್ವಂತ ಕಾಫಿ ತೋಟವಿರುವವರು, ಅದೇ ತೋಟದಲ್ಲಿ ಕೂಲಿ ಮಾಡುವವರು ಕುಳಿತಿರುತ್ತಾರೆ. ವಾರದ ಕಂತಿಗೆ ಹಣ ಹೊಂದಿಸಲಾಗದೆ ಒದ್ದಾಡುವ ಹೆಂಗಸರು ಬಹುತೇಕ ಪ್ರತಿ ಸಭೆಯಲ್ಲೂ ಇದ್ದಾರೆ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ನೆನಪಿಟ್ಟುಕೊಂಡು ಮಾತನ್ನು ಅಳೆಯಿರಿ. ಗಂಡನ ಮನೆಯವರು ಬೇರೆ ನಂಬಿಕೆಯವರಾಗಿದ್ದು ಒಬ್ಬಳೇ ಆರಾಧನೆಗೆ ಬರುವ ಹೆಣ್ಣುಮಗಳಿಗೆ “ಇರುವುದನ್ನೆಲ್ಲ ಕೊಡು” ಎಂಬ ಮಾತು ಹೇಗೆ ಕೇಳಿಸುತ್ತದೆ ಎಂದೂ ಯೋಚಿಸಿ. ಅಂಥವರು ಮನೆಯವರಿಗೆ ತಿಳಿಯದಂತೆ ಒಡವೆ ಬಿಚ್ಚಿ ಕೊಟ್ಟರೆ, ಪ್ರಾರ್ಥಿಸಿ, ಅದನ್ನು ಅವರ ಕೈಗೇ ಮರಳಿಸಿ.

ಇಲ್ಲಿನ ಚರಿತ್ರೆಯೂ ಬೆಂಚಿನ ಮೇಲೆ ಕುಳಿತಿರುತ್ತದೆ. ಸ್ವಿಟ್ಜರ್‌ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಶಾಲೆ, ನೇಯ್ಗೆ, ಮುದ್ರಣ ಎಲ್ಲದರಲ್ಲೂ ಸಭೆಯವರಿಗೆ ಕೆಲಸ ಕೊಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದ ಮೇಲೆ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಅನಿವಾರ್ಯವಾಗಿ ಕಲಿತವು. ಆದರೂ ‘ಮಿಷನ್ ದುಡ್ಡು’ ಎಂಬ ನೆನಪು ಹೋಗಿಲ್ಲ. “ಸಭೆಗೆ ಆಸ್ತಿ ಇದೆ, ಅಂಗಡಿಗಳ ಬಾಡಿಗೆ ಬರುತ್ತದೆ, ನಮ್ಮ ಐವತ್ತು ರೂಪಾಯಿ ಯಾಕೆ?” ಎಂದು ಕೇಳುವವರು ಜಿಪುಣರೇ ಆಗಬೇಕಿಲ್ಲ, ಅವರ ಪ್ರಶ್ನೆ ನ್ಯಾಯವಾದದ್ದೇ. ಬಾಡಿಗೆ ಎಷ್ಟು ಬರುತ್ತದೆ, ಅದು ಯಾರ ಖಾತೆಗೆ ಹೋಗುತ್ತದೆ, ಅದರಲ್ಲಿ ಸ್ಥಳೀಯ ಸಭೆಗೆ ಉಳಿಯುವುದೆಷ್ಟು ಎಂಬುದನ್ನು ಅಂಕಿಗಳಲ್ಲಿ ಹೇಳಿದರೆ ಮಾತ್ರ ಆ ಪ್ರಶ್ನೆಗೆ ಉತ್ತರ ಸಿಕ್ಕಂತೆ.

4. ವಾಕ್ಯಭಾಗವನ್ನು ಅದರ ಸುತ್ತಮುತ್ತಲಿನೊಂದಿಗೆ ಓದಿ

ಹೆಚ್ಚಿನ ಕಾಣಿಕೆ ಪ್ರಸಂಗಗಳು ಮೂರು ನಾಲ್ಕು ವಾಕ್ಯಗಳ ಸುತ್ತಲೇ ತಿರುಗುತ್ತವೆ, ಮತ್ತು ಆ ವಾಕ್ಯಗಳೇ ಅತಿ ಹೆಚ್ಚು ತಪ್ಪು ಬಳಕೆಗೆ ಸಿಕ್ಕಿವೆ. ಆದುದರಿಂದ ಈ ಹಂತಕ್ಕೆ ನಿಮ್ಮ ತಯಾರಿಯ ಅರ್ಧ ಸಮಯವನ್ನು ಕೊಡಿ.

ಮಲಾಕಿಯ 3:10 ಎಲ್ಲರಿಗೂ ಗೊತ್ತಿರುವ ವಾಕ್ಯ: ದಶಮಾಂಶವನ್ನೆಲ್ಲ, ಅಂದರೆ ಹತ್ತರಲ್ಲೊಂದು ಪಾಲನ್ನೆಲ್ಲ, ಭಂಡಾರಕ್ಕೆ ತನ್ನಿರಿ. ಆ ಭಂಡಾರ ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ತುಂಬಿಡುತ್ತಿದ್ದ ಉಗ್ರಾಣ. ಅದು ಬರಿದಾದರೆ ಏನಾಗುತ್ತಿತ್ತು ಎಂಬುದನ್ನು ನೆಹೆಮೀಯ 13ನೆಯ ಅಧ್ಯಾಯ ತೋರಿಸುತ್ತದೆ: ತಮಗೆ ಸಲ್ಲಬೇಕಾದ ಪಾಲು ಸಿಗದ ಲೇವಿಯರು ದೇವಾಲಯದ ಸೇವೆ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ನೆಹೆಮೀಯನು ಜನರಿಂದ ದಶಮಾಂಶ ತರಿಸಿ ಅಷ್ಟಕ್ಕೇ ನಿಲ್ಲಲಿಲ್ಲ. ನಂಬಿಗಸ್ತರೆಂದು ಹೆಸರಾದವರನ್ನು ಉಗ್ರಾಣದ ಮೇಲೆ ನೇಮಿಸಿದನು. ಮಲಾಕಿಯ ಹತ್ತನೆಯ ವಾಕ್ಯಕ್ಕೆ ಬರುವ ಮೊದಲು ಐದನೆಯ ವಾಕ್ಯವನ್ನು ಗಟ್ಟಿಯಾಗಿ ಓದಿಸಿ. ಕೂಲಿಯಾಳಿನ ಕೂಲಿಯನ್ನು ತಡೆಹಿಡಿಯುವವರ, ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರ ವಿರುದ್ಧ ತಾನೇ ಸಾಕ್ಷಿಯಾಗಿ ನಿಲ್ಲುವೆನೆಂದು ದೇವರು ಅಲ್ಲಿ ಹೇಳುತ್ತಾನೆ. ಮನೆಗೆಲಸದವಳ ಸಂಬಳದಲ್ಲಿ ರಜೆಯ ದಿನ ಕಡಿದು, ಅದೇ ತಿಂಗಳು ದಶಮಾಂಶದ ಕವರನ್ನು ತುಂಬಿಸುವವರು ಕೇಳಬೇಕಾದದ್ದು ಆ ಐದನೆಯ ವಾಕ್ಯವನ್ನೇ. ಮುಂದೆ ಬರುವ ಆಶೀರ್ವಾದದ ಮಾತು ಕೂಡ ಇಡೀ ಜನಾಂಗಕ್ಕೆ, ಮಳೆ ಮತ್ತು ಬೆಳೆಯ ಕುರಿತು ಹೇಳಿದ್ದು. ಒಬ್ಬೊಬ್ಬರ ಠೇವಣಿಗೆ ನಿಗದಿಯಾದ ಬಡ್ಡಿ ದರವಲ್ಲ.

ಬಡ ವಿಧವೆಯ ಎರಡು ಕಾಸಿನ ಕಥೆ ಮಾರ್ಕ 12:41ರಿಂದ ಆರಂಭವಾಗುತ್ತದೆಂದು ಎಲ್ಲರೂ ಅಲ್ಲಿಂದಲೇ ಓದುತ್ತಾರೆ. ನೀವು 38ರಿಂದ ಓದಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಯೇಸು ಹೇಳಿದ ಬೆನ್ನಿಗೇ ಆ ವಿಧವೆ ಬಂದು ತನ್ನ ಜೀವನಕ್ಕಿದ್ದುದನ್ನೆಲ್ಲ ಹಾಕುತ್ತಾಳೆ. ಅದಾದ ಕೂಡಲೆ, ಆ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲದು ಎಂಬ ಮಾತು ಬರುತ್ತದೆ. ಅವಳ ಭಕ್ತಿಯನ್ನು ಯೇಸು ಮೆಚ್ಚಿದನು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವಳಿಂದ ಕೊನೆಯ ಕಾಸನ್ನೂ ಪಡೆದ ವ್ಯವಸ್ಥೆಯನ್ನು ಮೆಚ್ಚಿದನು ಎನ್ನಲು ಅಲ್ಲಿ ಆಧಾರವಿಲ್ಲ. ಬಡವರ ಮುಂದೆ ನಿಂತು ಈ ಭಾಗವನ್ನು ಬಳಸುವವರು ತಾವು ಯಾರ ಜಾಗದಲ್ಲಿ ನಿಂತಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕು.

ಕಾಣಿಕೆಯ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ಅತಿ ವಿವರವಾದ ಬೋಧನೆ ಇರುವುದು 2 ಕೊರಿಂಥ 8 ಮತ್ತು 9ನೆಯ ಅಧ್ಯಾಯಗಳಲ್ಲಿ. ಅದು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಕೂಡಿಸುತ್ತಿದ್ದ ಹಣ. ಕಟ್ಟಡಕ್ಕಾಗಲಿ ಬೋಧಕರ ಸಂಬಳಕ್ಕಾಗಲಿ ಅಲ್ಲ. ಸಂಬಳದ ವಿಷಯ ಹೇಳಬೇಕಾದರೆ ನೇರವಾಗಿ 1 ಕೊರಿಂಥ 9ನೆಯ ಅಧ್ಯಾಯಕ್ಕೆ ಹೋಗಿ, ಮತ್ತು ತನಗಿದ್ದ ಆ ಹಕ್ಕನ್ನು ಪೌಲನು ತಾನೇ ಉಪಯೋಗಿಸಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿ. ಎರಡನೆಯ ಪತ್ರದ ಆ ಎರಡು ಅಧ್ಯಾಯಗಳಲ್ಲಿ ನಾಲ್ಕು ಸಂಗತಿಗಳು ಸ್ಪಷ್ಟವಾಗಿವೆ: ಇದು ಆಜ್ಞೆಯಲ್ಲ, ಇಲ್ಲದ್ದನ್ನು ಯಾರಿಂದಲೂ ಕೇಳುವುದಿಲ್ಲ, ಒಬ್ಬರ ಹೆಚ್ಚಳ ಇನ್ನೊಬ್ಬರ ಕೊರತೆಯನ್ನು ನೀಗಿಸಿ ಸಮಾನತ್ವ ಉಂಟಾಗಬೇಕು, ಮತ್ತು ಹಣ ಒಯ್ಯುವಾಗ ಯಾರೂ ಬೆರಳು ತೋರಿಸದಂತೆ ಪೌಲನ ಜೊತೆಕೆಲಸದವನಾದ ತೀತನ ಜೊತೆಗೆ ಸಭೆಗಳೇ ಆರಿಸಿದವರನ್ನು ಕಳಿಸಬೇಕು. ಕೊನೆಯದನ್ನು ಪ್ರಸಂಗಗಳಲ್ಲಿ ಕೇಳುವುದು ಅಪರೂಪ, ಕಾರಣವನ್ನು ಊಹಿಸಬಹುದು. ಒಂಬತ್ತನೆಯ ಅಧ್ಯಾಯದ ಬಿತ್ತುವ-ಕೊಯ್ಯುವ ಮಾತನ್ನು ಹಿಡಿದು ಟಿವಿ ಪ್ರಸಂಗಿಗಳು ‘ಬೀಜ ಕಾಣಿಕೆ’ ಕೇಳುತ್ತಾರೆ, ಅಂದರೆ ಇಂತಿಷ್ಟು ಕೊಟ್ಟರೆ ಅದರ ಹಲವು ಪಟ್ಟು ಹಣ ಮರಳಿ ಬರುತ್ತದೆಂಬ ಬೋಧನೆ. ನಿಮ್ಮ ಸಭೆಯವರ ಮೊಬೈಲಿನಲ್ಲಿ ಆ ವಿಡಿಯೋಗಳು ಇದ್ದೇ ಇರುತ್ತವೆ, ಆದ್ದರಿಂದ ಮೌನವಾಗಿರಬೇಡಿ. ಇನ್ನೂ ಧಾರಾಳವಾಗಿ ಕೊಡಲು ಶಕ್ತರಾಗುವಿರಿ ಎಂದು 9:11 ಹೇಳುತ್ತದೆ. ನೂರ್ಮಡಿ ಸಿಗುವ ಬಗ್ಗೆ ಹೇಳುವ ಮಾರ್ಕ 10:30ರಲ್ಲಿ, ಅದೇ ಉಸಿರಿನಲ್ಲಿ, ‘ಹಿಂಸೆಗಳೊಂದಿಗೆ’ ಎಂಬ ಮಾತೂ ಸೇರಿದೆ.

ಏನನ್ನೂ ಕೇಳದ ಪ್ರಸಂಗಕ್ಕೆ ಲೂಕ 12:13–21 ಬಹಳ ಒಳ್ಳೆಯದು. ಅದು ಶುರುವಾಗುವುದೇ ಅಣ್ಣತಮ್ಮಂದಿರ ಆಸ್ತಿ ಪಾಲಿನ ಜಗಳದಿಂದ, ಮತ್ತು ಆ ಜಗಳ ಇಲ್ಲದ ಕುಟುಂಬವನ್ನು ನಮ್ಮ ಸಭೆಗಳಲ್ಲಿ ಹುಡುಕಬೇಕು. ಹಳೆ ಮೈಸೂರಿನ ಸಭೆಗಳಿಗೆ ಇನ್ನೊಂದು ಸಂಪತ್ತು ಇದೆ. ಅಲ್ಲಿ ಸುವಾರ್ತೆ ಸಾರಿದವರಲ್ಲಿ ಮುಖ್ಯರು ವೆಸ್ಲಿಯನ್ನರು, ಅಂದರೆ ಮೆಥಡಿಸ್ಟ್ ಮಿಷನರಿಗಳು. ಅವರ ಗುರು ಜಾನ್ ವೆಸ್ಲಿ ಹಣದ ಬಳಕೆಯ ಬಗ್ಗೆ 18ನೆಯ ಶತಮಾನದಲ್ಲಿ ಮಾಡಿದ ಪ್ರಸಂಗದಲ್ಲಿ ಸಾಧ್ಯವಾದಷ್ಟು ಗಳಿಸು, ಉಳಿಸು, ಕೊಡು ಎಂದು ಮೂರು ಹೆಜ್ಜೆಗಳಿವೆ. ನಾವು ಮೂರನೆಯದನ್ನು ಮಾತ್ರ ಹೇಳುತ್ತೇವೆ. ವೆಸ್ಲಿ ಮೊದಲನೆಯದರ ಮೇಲೆಯೇ ಬಹಳ ಹೊತ್ತು ನಿಂತು, ನೆರೆಯವನಿಗೆ ಕೇಡಾಗುವ ಗಳಿಕೆ ಬೇಡವೆಂದು ಹೇಳಿ, ಮದ್ಯದ ಮಾರಾಟವನ್ನೂ ಗಿರವಿ ವ್ಯಾಪಾರವನ್ನೂ ಹೆಸರಿಸಿ ಖಂಡಿಸಿದ್ದಾನೆ.

5. ದಶಮಾಂಶದ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ

ಆರಾಧನೆ ಮುಗಿದ ಕೂಡಲೆ ಬಾಗಿಲಲ್ಲಿ ಕೇಳುತ್ತಾರೆ: ಹತ್ತರಲ್ಲೊಂದು ಅಂದರೆ ಒಟ್ಟು ಸಂಬಳದಲ್ಲೋ, ಕೈಗೆ ಬರುವುದರಲ್ಲೋ? ಮನೆ ಸಾಲದ ಕಂತು ಕಳೆದೋ, ಕಳೆಯದೆಯೋ? ಇದನ್ನು ತೀರ್ಮಾನಿಸುವ ವಾಕ್ಯ ಸತ್ಯವೇದದಲ್ಲಿ ಇಲ್ಲ ಎಂದು ಸರಳವಾಗಿ ಒಪ್ಪಿಕೊಳ್ಳಿ. ಅಲ್ಲಿರುವುದು ಬೆಳೆ ಮತ್ತು ಹಿಂಡಿನ ಲೆಕ್ಕ. ಅದೂ ಒಂದೇ ಬಗೆಯದ್ದಲ್ಲ: ಅರಣ್ಯಕಾಂಡ 18ರಲ್ಲಿ ಅದು ಭೂಮಿಯ ಪಾಲಿಲ್ಲದ ಲೇವಿಯರದು, ಧರ್ಮೋಪದೇಶಕಾಂಡ 14ರಲ್ಲಿ ಕೊಡುವವನೇ ಮನೆಮಂದಿಯೊಂದಿಗೆ ದೇವರ ಸನ್ನಿಧಿಯಲ್ಲಿ ಸಂತೋಷವಾಗಿ ಊಟಮಾಡಬೇಕಾದದ್ದು, ಮೂರು ವರ್ಷಕ್ಕೊಮ್ಮೆ ಊರಿನ ಪರದೇಶಿ, ಅನಾಥ, ವಿಧವೆಯರು ತಿಂದು ತೃಪ್ತರಾಗಬೇಕಾದದ್ದು. ಯೇಸು ಫರಿಸಾಯರಿಗೆ ಮತ್ತಾಯ 23:23ರಲ್ಲಿ ಸೊಪ್ಪುಸದೆಗಳ ದಶಮಾಂಶವನ್ನೂ ಬಿಡಬೇಡಿ, ನ್ಯಾಯ ಕರುಣೆಗಳನ್ನೂ ಬಿಡಬೇಡಿ ಎನ್ನುತ್ತಾನೆ. ಪೌಲನು ಪ್ರಮಾಣ ಹೇಳದೆ ಅವರವರ ಆದಾಯದ ಮೇರೆಗೆ ಎನ್ನುತ್ತಾನೆ. ಕ್ರೈಸ್ತರಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ ಎಂದು ತಿಳಿಸಿ, ನಿಮ್ಮದು ಯಾವುದೆಂದು ಹೇಳಿ. ನಾನು ದಶಮಾಂಶವನ್ನು ಶಿಸ್ತಾಗಿ ಶಿಫಾರಸು ಮಾಡುತ್ತೇನೆ, ಸುಂಕವಾಗಿ ಅಲ್ಲ. ಸಾಲದಲ್ಲಿ ಮುಳುಗಿರುವವರಿಗೆ ಮೊದಲು ಸಾಲ ತೀರಿಸಿ ಎಂದೇ ಹೇಳುತ್ತೇನೆ.

ದಶಮಾಂಶ ಕೊಡದಿದ್ದರಿಂದ ಮನೆಯಲ್ಲಿ ಕಾಯಿಲೆ ಬಂತು, ಮಗುವಿಗೆ ಹೀಗಾಯಿತು ಎಂದು ಎಂದಿಗೂ ಹೇಳಬೇಡಿ, ಸೂಚಿಸಲೂ ಬೇಡಿ. ಅದು ಬೋಧನೆಯಲ್ಲ, ಬೆದರಿಕೆ.

ಹಣವೇ ಇಲ್ಲದವರ ಕೊಡುವಿಕೆಯನ್ನು ಮರೆಯದಿರಲು ಮಿಜೋರಾಂ ಸಭೆಗಳನ್ನು ನೋಡಿ. ಅಲ್ಲಿನ ಹೆಂಗಸರು 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತಾ ಬಂದಿದ್ದಾರೆ; ‘ಬುಹ್‌ಫೈ ಥಾಮ್’ ಎಂಬ ಆ ಹಿಡಿ ಅಕ್ಕಿಯನ್ನು ಕೂಡಿಸಿ ಮಾರಿದ ಹಣ ಸಭೆಯ ಸೇವೆಗೆ ಹೋಗುತ್ತದೆ.

6. ಬರೆಯುವಾಗ ಮತ್ತು ನುಡಿಯುವಾಗ

ಪ್ರಸಂಗವನ್ನು ಪೂರ್ತಿ ಬರೆದು, ಸಭೆಯ ಅತಿ ಬಡ ಸದಸ್ಯೆಯೊಬ್ಬರು ಮುಂದಿನ ಸಾಲಿನಲ್ಲಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಓದಿ. ನಾಚಿಕೆ ಹುಟ್ಟಿಸುವ ವಾಕ್ಯಗಳು ತಾವೇ ಗೋಚರಿಸುತ್ತವೆ. “ದೇವರಿಗೆ ಕೊಡಲು ಚಿಲ್ಲರೆ ಹುಡುಕುತ್ತೀರಿ” ಎನ್ನುವ ಬದಲು “ಕಳೆದ ವರ್ಷ ನೀವು ಕೊಟ್ಟದ್ದರಿಂದ ಇಂಥಿಂಥ ಕೆಲಸ ನಡೆಯಿತು” ಎಂದು ಹೇಳಿದರೆ ಪರಿಣಾಮವೂ ಹೆಚ್ಚು, ಸತ್ಯವೂ ಹೌದು. ನೀವೇ ಎಷ್ಟು ಕೊಡುತ್ತೀರಿ ಎಂಬುದನ್ನು ಹೇಳುವ ಆಸೆಯನ್ನು ಹತ್ತಿಕ್ಕಿ. ಮತ್ತಾಯ 6ರ ಮೊದಲ ನಾಲ್ಕು ವಾಕ್ಯಗಳು ಬೋಧಕರಿಗೂ ಅನ್ವಯಿಸುತ್ತವೆ. ಮೊದಲ ಶತಮಾನಗಳ ಸಭಾ ಕೈಪಿಡಿಯೊಂದರಲ್ಲಿ ಒಂದು ಕಟ್ಟುನಿಟ್ಟಾದ ಸೂಚನೆ ಇದೆ: ಆತ್ಮಪ್ರೇರಿತನಾಗಿ ನನಗೆ ಹಣ ಕೊಡಿ ಎನ್ನುವವನ ಮಾತು ಕೇಳಬೇಡಿ, ಬಡವರಿಗಾಗಿ ಕೇಳಿದರೆ ಅವನಿಗೆ ತೀರ್ಪು ಮಾಡಬೇಡಿ.

7. ಕಾಣಿಕೆ ಎತ್ತುವಾಗ ಮತ್ತು ಸುಗ್ಗಿ ಹಬ್ಬದಲ್ಲಿ

ತೆರೆದ ತಟ್ಟೆಗಿಂತ ಬಾಯಿ ಮುಚ್ಚಿದ ಚೀಲ ಒಳ್ಳೆಯದು. ಕ್ಯೂಆರ್ ಕೋಡ್ ಅಂಟಿಸಿದ್ದರೆ, ಸ್ಕ್ಯಾನ್ ಮಾಡಿದಾಗ ತೆರೆಯ ಮೇಲೆ ಸಭೆಯ ಖಾತೆಯ ಹೆಸರೇ ಬರುತ್ತದೆಯೇ ಎಂದು ನೀವೇ ಒಂದು ರೂಪಾಯಿ ಹಾಕಿ ನೋಡಿ. ಬೋಧಕರದ್ದೋ ಖಜಾಂಚಿಯದ್ದೋ ಹೆಸರು ಬಂದರೆ ಆ ಕೋಡನ್ನು ಅಂದೇ ತೆಗೆಸಿ. ಎಣಿಸಲು ಒಂದೇ ಮನೆಯವರಲ್ಲದ ಇಬ್ಬರಿರಲಿ. ಎಣಿಸಿದ ಕೂಡಲೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ.

ಸುಗ್ಗಿ ಹಬ್ಬದ ಹರಾಜು ಬೇರೆಯೇ ಸಂಗತಿ. ಒಬ್ಬರು ತಂದಿಟ್ಟ ಕುಂಬಳಕಾಯಿಗೆ ಸವಾಲು ಏರುತ್ತಾ ಹೋಗಿ, ಗೆದ್ದವರು ಅದನ್ನು ಮತ್ತೆ ಸಭೆಗೇ ಕೊಟ್ಟು, ಅದು ಎರಡನೆಯ ಸಲ ಮೇಜಿನ ಮೇಲೆ ಬರುತ್ತದೆ. ನಗು, ಚಪ್ಪಾಳೆ, ಮೈಕಿನಲ್ಲಿ ಹೆಸರು. ಆ ಗಲಾಟೆಯ ಸಂತೋಷವನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಧರ್ಮೋಪದೇಶಕಾಂಡದ ಆ ಊಟಕ್ಕೆ ಅದು ಹತ್ತಿರವಾದದ್ದೇ. ಆದರೆ ಎರಡು ಕಡೆ ಕಣ್ಣಿಡಿ. ಇಬ್ಬರು ಸಿರಿವಂತರ ಹಳೆಯ ಪೈಪೋಟಿ ಕುಂಬಳಕಾಯಿಯ ಮೇಲೆ ಇಳಿದಾಗ ಹರಾಜು ಕೂಗುವವರು ಬೇಗ ಮುಗಿಸಬೇಕು. ಮತ್ತು ಒಂದು ಕಟ್ಟು ಸೊಪ್ಪು, ನಾಲ್ಕು ಮೊಟ್ಟೆ ತಂದವರ ವಸ್ತುಗಳನ್ನು ಕೊನೆಗೆ, ಜನ ಊಟಕ್ಕೆ ಎದ್ದ ಮೇಲೆ, ರಾಶಿ ಹಾಕಿ ಮಾರಬಾರದು. ಅವು ಮೊದಲು ಬರಲಿ.

8. ಲೆಕ್ಕ ಒಪ್ಪಿಸಿ, ಕಾನೂನು ಮೀರಬೇಡಿ

ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೊಟ್ಟವರ ಪಟ್ಟಿ ಹಾಕಬೇಡಿ, ಕೊಡದವರ ಪಟ್ಟಿಯನ್ನಂತೂ ಬೇಡವೇ ಬೇಡ.

ಸಭೆಗೆ ಕೊಟ್ಟ ಹಣಕ್ಕೆಲ್ಲ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂದು ಪೀಠದಿಂದ ಹೇಳಬೇಡಿ. ಜನ 80ಜಿ ಎಂದು ತಿಳಿದಿರುವ ಆ ಸೌಲಭ್ಯ ಅದಕ್ಕೆ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಹೊರದೇಶದ ಹಣದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಕರಾವಳಿಯ ಸಭೆಗಳಲ್ಲಿ ಗಲ್ಫ್‌ನಲ್ಲಿ ದುಡಿಯುವವರಿದ್ದಾರೆ, ಬೆಂಗಳೂರಿನ ಸಭೆಗಳಲ್ಲಿ ಅಮೆರಿಕದ ಮಕ್ಕಳಿದ್ದಾರೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಭಾರತದ ಪೌರತ್ವ ಉಳಿಸಿಕೊಂಡವರು ದುಬೈ, ಕುವೈತ್‌ಗಳಿಂದ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಕಾಣಿಕೆ ವಿದೇಶಿ ವಂತಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದ್ದು, ಅವರ ಬಳಿ ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಗುರುತಿನ ಕಾರ್ಡ್, ಇದ್ದರೂ, ವಿದೇಶಿ ವಂತಿಗೆಯೇ. ಆ ಕಾಯ್ದೆಯಡಿ ನೋಂದಣಿ ಅಥವಾ ಅನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. ನೋಂದಣಿ ಇದ್ದರೂ ಅದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಬರಬೇಕು. ಛಾವಣಿಗೆಂದು ಅಮೆರಿಕದ ಮಗನಿಂದ ಹಣ ಕೊಡಿಸುತ್ತೇವೆ ಎಂದು ಹಿರಿಯರೊಬ್ಬರು ಸಂತೋಷದಿಂದ ಹೇಳಿದಾಗ, ವಂದನೆ ಹೇಳಿ, ಖಾತೆ ಸಂಖ್ಯೆ ಕೊಡುವ ಮೊದಲು ಮಗನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ, ಡಯಾಸಿಸ್ ಕಚೇರಿಯ ಲೆಕ್ಕಪತ್ರ ನೋಡುವವರಿಗೆ ಅಂದೇ ತಿಳಿಸಿ.